ಕೆಂಪು ದಾರದ ಬಾಟಲಿ, ಹಸಿರು ದಾರದ ಬಾಟಲಿ

ಪ್ರಯಾಣಿಕ ಹಡಗುಗಳ ತಪಾಸಣಾ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಉಗ್ರಾಣದಲ್ಲಿ ನಮ್ಮ ಎರಡು ಬಾಟಲಿಗಳಿವೆ. ಒಂದರ ಕತ್ತಿಗೆ ಕೆಂಪು ದಾರ, ಇನ್ನೊಂದಕ್ಕೆ ಹಸಿರು. ಎರಡರಲ್ಲೂ ಇರುವುದು ಲಿಂಬೆ ಶುಂಠಿಯ ಶರಬತ್ತು. ನಿಮ್ಮವರು ಕೊಟ್ಟ ರಸೀದಿಯಲ್ಲಿ ಮಾತ್ರ ‘ಅಪರಿಚಿತ ದ್ರವ, ಎರಡು’ ಎಂದಿದೆ. ಮೂರು ದಿನದ ಯಾನ ಮುಗಿಸಿ ಇಳಿದಾಗ ಕೇಳಿದರೆ, ಇದು ಯಾವ ವರ್ಗಕ್ಕೆ ಸೇರುತ್ತದೆಂದು ಇನ್ನೂ ತೀರ್ಮಾನವಾಗಿಲ್ಲ, ಆದ ಮೇಲೆ ತಿಳಿಸುತ್ತೇವೆ ಎಂದರು. ಐದು ವಾರವಾಯಿತು. ನಮ್ಮ ತಾಯಿ ಈ ಶರಬತ್ತನ್ನು ಅರವತ್ತು ವರ್ಷ ಮಾಡಿದಳು. ಲೋಟ ಕೈಗೆ ತೆಗೆದುಕೊಂಡ ಯಾರೂ ಇದು ಯಾವ ವರ್ಗವಮ್ಮಾ ಎಂದು ಕೇಳಿದ ನೆನಪು ನನಗಿಲ್ಲ.

ಪತ್ರ ಬರೆಯುವುದು ನನಗೆ ಹೊಸದಲ್ಲ. ಸೋದರಳಿಯಂದಿರಿಗೆ, ಸೊಸೆಯಂದಿರಿಗೆ, ಮುನಿಸಿಕೊಂಡ ಬೀಗರಿಗೆ ಬರೆದೂ ಬರೆದೂ ಕೈ ಪಳಗಿದೆ. ಅಧಿಕಾರಿಗಳಿಗೆ ಬರೆಯುತ್ತಿರುವುದು ಇದೇ ಮೊದಲು. ನಡುವೆ ಎಲ್ಲಾದರೂ ಅಭ್ಯಾಸಬಲದಿಂದ ‘ಊಟವಾಯಿತೇ’ ಎಂದು ಕೇಳಿಬಿಟ್ಟರೆ ಮನ್ನಿಸಬೇಕು. ಶಾಲೆ ಕಂಡದ್ದು ಏಳನೆಯ ತರಗತಿಯವರೆಗೆ. ಆಮೇಲೆ ಮೂವತ್ತೆಂಟು ವರ್ಷ ಸೋಡಾ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಮುಚ್ಚಳ ಒತ್ತುವ ಕೆಲಸ. ನನ್ನ ಓದು ಬರಹ ಗಟ್ಟಿಯಾದದ್ದು ಬಾಟಲಿಗೆ ಅಂಟಿಸುವ ಚೀಟಿಗಳನ್ನೂ ಗೋಡೆಗೆ ಅಂಟಿಸಿದ ನಿಯಮಗಳನ್ನೂ ಓದಿಯೇ. ಆದ್ದರಿಂದ ನಿಮ್ಮ ನಿಯಮ ಹದಿನೇಳನ್ನು ನಾನು ಓದದೆ ಹಡಗು ಹತ್ತಲು ಹೋದೆನೆಂದು ದಯವಿಟ್ಟು ತಿಳಿಯಬೇಡಿ. ವಯಸ್ಕ ಪ್ರಯಾಣಿಕರೊಬ್ಬರು ಒಂದು ಬಾಟಲಿ ವೈನನ್ನಾಗಲಿ ತಂಪು ಪಾನೀಯವನ್ನಾಗಲಿ ಒಯ್ಯಬಹುದು, ಅದು ‘ಕಾರ್ಖಾನೆಯ ಮುದ್ರೆಯೊಡನೆ ಭದ್ರವಾಗಿರತಕ್ಕದ್ದು’. ನಾನು ಕಾರ್ಖಾನೆಯವನು. ಮುದ್ರೆ ನನ್ನದು. ಭದ್ರತೆಯ ವಿಷಯದಲ್ಲಿ ಮೂವತ್ತೆಂಟು ವರ್ಷ ಒಂದು ದೂರೂ ಬಂದಿಲ್ಲ. ಇನ್ನೇನು ಬೇಕು ಅಂದುಕೊಂಡೆ.

ಎರಡು ಬಾಟಲಿಗೆ ಇಷ್ಟು ರಂಪವೇಕೆ, ಹಡಗಿನಲ್ಲಿ ಕುಡಿಯಲು ಬೇಕಾದಷ್ಟು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಅವು ಬಾಯಾರಿಕೆಗೆ ಒಯ್ದ ಬಾಟಲಿಗಳಲ್ಲ. ನನಗೊಬ್ಬಳು ಅಕ್ಕ, ಎಪ್ಪತ್ತೆಂಟು ವರ್ಷ. ಒಬ್ಬಳು ತಂಗಿ, ಎಪ್ಪತ್ತು. ಶುಂಠಿಯನ್ನು ಹಸಿಯಾಗಿ ಜಜ್ಜಿ ಹಿಂಡಬೇಕು, ಅಮ್ಮ ಹಾಗೇ ಮಾಡುತ್ತಿದ್ದಳು ಎನ್ನುತ್ತಾಳೆ ಅಕ್ಕ. ನೀರಿನಲ್ಲಿ ಕುದಿಸಬೇಕು, ಅಮ್ಮನ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿದವಳು ನಾನು ಎನ್ನುತ್ತಾಳೆ ತಂಗಿ. ಹನ್ನೊಂದು ವರ್ಷದ ಹಿಂದೆ ಒಂದು ಮದುವೆಯಲ್ಲಿ ಇಬ್ಬರೂ ತಮ್ಮ ತಮ್ಮ ಶರಬತ್ತನ್ನು ಒಂದೊಂದು ಪಾತ್ರೆ ಮಾಡಿ ತಂದರು. ಯಾರೋ ಒಬ್ಬರು ಜಾಗ ಸಾಲದೆಂದು ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದುಬಿಟ್ಟರು. ಆ ಯಾರೋ ಯಾರೆಂಬುದು ಈ ಪತ್ರಕ್ಕೆ ಅಗತ್ಯವಿಲ್ಲ. ಬಂದವರೆಲ್ಲ ಲೋಟದ ಮೇಲೆ ಲೋಟ ಕುಡಿದು ಹೊಗಳಿದರು. ಹೊಗಳಿಕೆ ಯಾರಿಗೆ ಸೇರಬೇಕೆಂದು ಶುರುವಾದ ಮಾತು ಅಮ್ಮ ಯಾರನ್ನು ಹೆಚ್ಚು ಪ್ರೀತಿಸುತ್ತಿದ್ದಳು ಎಂಬಲ್ಲಿಗೆ ಹೋಗಿ ನಿಂತಿತು. ಅಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ. ಎಷ್ಟು ಸಲ ಕೂಡಿಸಿ ಕೂರಿಸಿದೆನೋ! ಐದು ನಿಮಿಷಕ್ಕೆ ಒಬ್ಬಳು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾಳೆ.

ಹಡಗಿನ ಜಾಹೀರಾತು ಕಣ್ಣಿಗೆ ಬಿದ್ದದ್ದು ಆಗ. ಸುತ್ತ ನೀರು, ಮೂರು ದಿನ, ಚಪ್ಪಲಿ ಮೆಟ್ಟಿ ಎಲ್ಲಿಗೆ ಹೋಗುತ್ತಾರೆ? ಇಬ್ಬರೂ ಒಂದೊಂದು ಬಾಟಲಿ ಮಾಡಿಕೊಡಲಿ, ನಡು ಸಮುದ್ರದಲ್ಲಿ ಇಬ್ಬರೂ ಎರಡನ್ನೂ ಕುಡಿದು ನೋಡಲಿ, ತೀರ್ಮಾನವಾಗಲಿ, ಇಲ್ಲವೇ ಇಬ್ಬರೂ ಅತ್ತು ಮುಗಿಸಲಿ ಎಂದುಕೊಂಡೆ. ಇಬ್ಬರೂ ಒಪ್ಪಿದರು, ಒಬ್ಬರಿಗೊಬ್ಬರು ಹೇಳದೆ ನನ್ನ ಮೂಲಕ. ನಿವೃತ್ತಿಯ ದಿನ ಕಾರ್ಖಾನೆಯವರು ಕೊಟ್ಟ ಹಳೆಯ ಕೈಯಂತ್ರವನ್ನು ಅಟ್ಟದಿಂದ ಇಳಿಸಿ, ಎಣ್ಣೆ ಬಿಟ್ಟು, ತಗಡಿನ ಮುಚ್ಚಳ ಒತ್ತಿದೆ. ಮುಚ್ಚಳದ ಇಪ್ಪತ್ತೊಂದು ಹಲ್ಲುಗಳೂ ಒಂದೇ ಸಮ ಕಚ್ಚಿಕೊಂಡವು. ಅಕ್ಕನದಕ್ಕೆ ಕೆಂಪು ದಾರ, ತಂಗಿಯದಕ್ಕೆ ಹಸಿರು. ಮೊಮ್ಮಗಳು ಕಂಪ್ಯೂಟರಿನಲ್ಲಿ ಚೀಟಿ ಅಚ್ಚು ಹಾಕಿಕೊಟ್ಟಳು: ಲಿಂಬೆ, ಶುಂಠಿ, ಸಕ್ಕರೆ, ನೀರು. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

ನಿಮ್ಮ ತಪಾಸಣೆಯ ಮೇಜಿನಲ್ಲಿದ್ದ ಹೆಣ್ಣುಮಗಳನ್ನು ನಾನು ದೂರುವುದಿಲ್ಲ. ನಮ್ಮ ಮುಂದಿದ್ದವರ ವೈನ್ ಬಾಟಲಿಯನ್ನು ಅವಳು ಮಗುವನ್ನೆತ್ತಿದ ಹಾಗೆ ಎತ್ತಿ ನೋಡಿ, ನಗುತ್ತ ವಾಪಸು ಕೊಟ್ಟಳು. ಒಂದು ಮಾತು ಕೇಳುತ್ತೇನೆ ಮಾನ್ಯರೇ, ನಿಂತ ನೆಲದಲ್ಲೇ ತೂರಾಡಿಸುವ ಪಾನೀಯಕ್ಕೆ ದಾರಿ, ತೂಗುವ ಹಡಗಿನಲ್ಲಿ ಹೊಟ್ಟೆ ತೊಳಸದಂತೆ ಕಾಪಾಡುವ ಪಾನೀಯಕ್ಕೆ ತಡೆ, ಇದು ಯಾವ ನ್ಯಾಯ? ಇರಲಿ. ನಮ್ಮ ಬಾಟಲಿಗಳ ಮುಚ್ಚಳದ ಸುತ್ತ ಬೆರಳಾಡಿಸಿ ನೋಡಿದಳು.

“ಫ್ಯಾಕ್ಟರಿ ಸೀಲ್ ಅಲ್ವಾ ತಾತ?” ಎಂದಳು. ಕೈ ಆಗಲೇ ಬಾಟಲಿಗಳನ್ನು ನಮ್ಮ ಕಡೆಗೆ ಸರಿಸುತ್ತಿತ್ತು.

ಹೂಂ ಅಂದಿದ್ದರೆ ಮುಗಿದಿತ್ತು. ಸುಮ್ಮನಿದ್ದಿದ್ದರೂ ಮುಗಿದಿತ್ತು.

“ಫ್ಯಾಕ್ಟರಿಯವ್ರು ಈಗ ಇಷ್ಟು ಚೆನ್ನಾಗಿ ಎಲ್ಲಿ ಹಾಕ್ತಾರಮ್ಮ? ನಾನೇ ಹಾಕಿದ್ದು, ಮನೇಲಿ!” ಎಂದುಬಿಟ್ಟೆ. “ತಲೆಕೆಳಗೆ ಮಾಡಿ ನೋಡು, ಒಂದು ಹನಿ ಬಂದ್ರೆ ಕೇಳು.”

ಅವಳು ತಲೆಕೆಳಗೆ ಮಾಡಿದಳು. ಒಂದು ಹನಿಯೂ ಬರಲಿಲ್ಲ. ಬಾಟಲಿಗಳೂ ಬರಲಿಲ್ಲ.

ಅಕ್ಕ ನನ್ನನ್ನು ನೋಡಿದ ನೋಟವನ್ನು ಬರೆಯಲು ನನ್ನ ಏಳನೆಯ ತರಗತಿ ಸಾಲದು. “ಲೋ, ನಿನ್ನನ್ನ ಯಾರಾದ್ರೂ ಕೇಳಿದ್ರೇನೋ?” ಎಂದಳು. ತಂಗಿ ಕಡಲಿನ ಕಡೆ ಮುಖ ತಿರುಗಿಸಿ, “ಅಣ್ಣನಿಗೆ ಯಾವಾಗ್ಲೂ ಇದೇ ಆಯ್ತು” ಎಂದು ಕಡಲಿಗೇ ಹೇಳಿದಳು.

ಮೊದಲ ದಿನವೆಲ್ಲ ಬೆಂಚಿನ ಒಂದು ತುದಿಯಲ್ಲಿ ಅಕ್ಕ, ಇನ್ನೊಂದು ತುದಿಯಲ್ಲಿ ತಂಗಿ, ನಡುವೆ ನಾನು. ಎರಡನೆಯ ದಿನ ಅಲೆ ಜೋರಾಗಿ ತಂಗಿಗೆ ತಲೆ ಸುತ್ತಿತು, ಮುಖ ಬಿಳಿಚಿಕೊಂಡಿತು. ಅಕ್ಕ ಎದ್ದು, ಕಂಬಿ ಹಿಡಿದುಕೊಂಡು ಹಡಗಿನ ಬಾರಿಗೆ ಹೋಗಿ ಒಂದು ಲೋಟ ತಂದಳು. ಲಿಂಬೆ ಶುಂಠಿಯದೇ ಅಂತೆ. ಬಣ್ಣ ಗಿಳಿಯದು, ಮೇಲೊಂದು ಕಾಗದದ ಕೊಡೆ. ತಂಗಿಯ ಕೈಗಿಟ್ಟಳು. ತಂಗಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

“ಇದೇನೇ ಅಕ್ಕಾ ಇದು? ಪಾತ್ರೆ ತೊಳೆದ ನೀರು!”

ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತು. ಅಕ್ಕ ಲೋಟ ಕಸಿದುಕೊಂಡು ತಾನೂ ಕುಡಿದಳು. “ಹೌದು ಕಣೇ ಪುಟ್ಟೀ. ಶುಂಠಿ ಈ ಲೋಟದ ಪಕ್ಕದಲ್ಲಿ ಹಾದುಹೋಗಿರ್ಬೇಕು, ಅಷ್ಟೆ. ಏಳು, ಆ ಬಾರಿನವನನ್ನ ಕೇಳೋಣ.”

ಕೇಳಿದರು. ಒಂದು ಗಂಟೆ ಕೇಳಿದರು. ಜಜ್ಜಬೇಕು ಎಂದು ಒಬ್ಬಳು, ಕುದಿಸಬೇಕು ಎಂದು ಇನ್ನೊಬ್ಬಳು. ಪಾಪ, ಅವನು ಇಬ್ಬರಿಗೂ ತಲೆಯಾಡಿಸಿ ಬದುಕಿಕೊಂಡ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ನಿಯಮ ಹದಿನೇಳಕ್ಕೆ ಒಂದು ಸಾಲು ಸೇರಿಸಿ: ಮನೆಯಲ್ಲಿ ಮಾಡಿದ, ಮತ್ತೇರದ ಪಾನೀಯವನ್ನು, ಮಾಡಿದವರು ಅಧಿಕಾರಿಯ ಎದುರಿಗೆ ಒಂದು ಗುಟುಕು ಕುಡಿದು ತೋರಿಸಿದರೆ, ಒಬ್ಬರಿಗೊಂದರಂತೆ ಬಿಡತಕ್ಕದ್ದು. ಹಾಗೆ ಕುಡಿಯುವಾಗ ತೆರೆದ ಮುಚ್ಚಳವನ್ನು ಮತ್ತೆ ಒತ್ತಲು ಆಳು ಬೇಕಿದ್ದರೆ ನಾನು ಯಂತ್ರದೊಡನೆ ಬಂದು ಕೂರುತ್ತೇನೆ. ನಮ್ಮ ಬಾಟಲಿಗಳನ್ನು ವಾಪಸು ಕೊಡಿ. ಎರಡನ್ನೂ ಒಟ್ಟಿಗೇ ಕೊಡಿ. ಒಂದು ಇಂದು, ಇನ್ನೊಂದು ಮುಂದಿನ ವಾರ ಎಂದರೆ ನಮ್ಮ ಮನೆಯಲ್ಲಿ ಆಗುವುದಕ್ಕೆ ನೀವೇ ಹೊಣೆ.

ಇಲ್ಲಿಯವರೆಗಿನದನ್ನು ಅಕ್ಕ ತಂಗಿ ಇಬ್ಬರಿಗೂ ಓದಿ ಹೇಳಿದ್ದೇನೆ. ಇನ್ನು ಮುಂದಿನದನ್ನು ಓದಿಲ್ಲ. ಈ ಐದು ವಾರದಿಂದ ಪತ್ರ ಬರೆಸುವ ನೆಪದಲ್ಲಿ ಇಬ್ಬರೂ ದಿನಾ ಮಧ್ಯಾಹ್ನ ನನ್ನ ಅಡುಗೆಮನೆಗೆ ಬರುತ್ತಾರೆ. ಒಬ್ಬಳು ಒಂದು ಸಾಲು ಹೇಳುತ್ತಾಳೆ, ಇನ್ನೊಬ್ಬಳು ಹೊಡೆದುಹಾಕಿಸುತ್ತಾಳೆ. ನಿಮ್ಮನ್ನು ಬೈಯುವಾಗ ಮಾತ್ರ ಇಬ್ಬರದೂ ಒಂದೇ ದನಿ. ಬಾಟಲಿ ಬಂದ ದಿನ ಮುಚ್ಚಳ ತೆಗೆಯಬೇಕು, ಕುಡಿಯಬೇಕು, ಒಬ್ಬಳು ಗೆಲ್ಲಬೇಕು. ಇದು ನಡು ಸಮುದ್ರವಲ್ಲ, ಚಪ್ಪಲಿಗಳು ಬಾಗಿಲಲ್ಲೇ ಇರುತ್ತವೆ. ನನ್ನ ಮುಚ್ಚಳದೊಳಗೆ ಶರಬತ್ತು ಆರು ತಿಂಗಳು ಕೆಡುವುದಿಲ್ಲ, ಅದು ನನ್ನ ಮಾತು. ಆದ್ದರಿಂದ ಮಾನ್ಯರೇ, ಕಚೇರಿಗಳು ಯಾರೂ ಕೇಳದೆಯೇ ಕೊಡುವುದನ್ನು ನಾನು ಕೈಮುಗಿದು ಕೇಳುತ್ತೇನೆ: ಬಾಟಲಿ ಖಂಡಿತ ಕೊಡಿ, ಆದರೆ ಐದನೆಯ ತಿಂಗಳು ತುಂಬುವವರೆಗೆ ವರ್ಗ ಯಾವುದೆಂದು ಯೋಚಿಸುತ್ತಿರಿ. ಅವಸರವಿಲ್ಲ, ಊಟ ಮಾಡಿಕೊಂಡೇ ಯೋಚಿಸಿ.

ಈ ಪತ್ರದ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅಲ್ಲಿ ಅಚ್ಚಾದ ಮೇಲೆ ಇಬ್ಬರೂ ಓದುತ್ತಾರೆ, ನನಗೆ ಗೊತ್ತು. ಓದಿ ನನ್ನನ್ನು ಬೈಯುತ್ತಾರೆ. ಸೇರಿ ಬೈಯಲಿ, ಅಷ್ಟು ಸಾಕು.

ಇಂತಿ,
ಎರಡು ಬಾಟಲಿಗೆ ಭದ್ರವಾಗಿ ಮುಚ್ಚಳ ಹಾಕಿ, ತನ್ನ ಬಾಯಿಗೆ ಹಾಕಿಕೊಳ್ಳಲು ಮರೆತ
ಒಬ್ಬ ಹಳೆಯ ಸೋಡಾ ಕಾರ್ಖಾನೆಯವನು