ಬೇಲಿಗೆ ನೇತುಹಾಕಿದ ಅಪ್ಪ

ನೆಗೋಟಿನ್
ನವೆಂಬರ್ 9, ಸೋಮವಾರ

ಪ್ರೀತಿಯ ಮಿಲುತಿನ್,

ಮೊಣಕಾಲು ಹೇಗಿದೆ? ದಿನವಿಡೀ ನೆಲಕ್ಕೆ ಊರಿ ಟೈಲ್ಸ್ ಕೂರಿಸುವವನು ಮುಲಾಮು ಹಚ್ಚಿಕೊಳ್ಳದೆ ಮಲಗಬಾರದು ಅಂತ ನಿನ್ನಮ್ಮ ಹೇಳಿದ್ದಾರೆ. ಅವರು ಆರಾಮಾಗಿದ್ದಾರೆ, ಸಕ್ಕರೆ ಕಾಯಿಲೆಯೊಂದು ಬಿಟ್ಟರೆ. ಬಸ್ಸಿನ ಡ್ರೈವರ್ ಕೈಲಿ ಈ ಕಾಗದದ ಜೊತೆ ಐವಾರ್ ಕಳಿಸಿದ್ದೇನೆ. ಈ ಸಲ ಕೆಂಪು ಮೆಣಸಿನಕಾಯಿ ಹದವಾಗಿ ಸುಟ್ಟು ಚಟ್ನಿಗೆ ಒಳ್ಳೇ ರುಚಿ ಬಂದಿದೆ, ಜೊತೆಯವರಿಗೆ ಹಂಚಿ ಖಾಲಿ ಮಾಡಬೇಡ. ಫೋನಿದ್ದೂ ಕಾಗದ ಯಾಕೆ ಅಂತೀಯಾ? ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ನಿನ್ನೆಯಿಂದ ನನ್ನ ಮೈಯೆಲ್ಲ ಉರಿಯುತ್ತಿದೆ. ಕಾಗದದ ಮೇಲೆ ನೀನು ಎಷ್ಟು ಕೂಗಾಡಿದರೂ ಅದು ಸುಮ್ಮನಾಗುವುದಿಲ್ಲ, ಕೊನೆಯವರೆಗೆ ಓದಲೇಬೇಕು.

ಭಾನುವಾರ ನಮ್ಮ ಮೈದಾನ ಹೇಗಿರುತ್ತದೆ ಅಂತ ಲಿಂಟ್ಸ್‌ನಲ್ಲಿ ಕೂತ ನಿನಗೆ ಗೊತ್ತಿಲ್ಲ. ಊರಿನ ಅರ್ಧ ಗಂಡಸರು ಆಸ್ಟ್ರಿಯಾದಲ್ಲಿ ದುಡಿಯುತ್ತೀರಿ. ಮಕ್ಕಳ ಫುಟ್‌ಬಾಲ್ ಆಟ ನೋಡಬೇಕು ಅಂತ ಎಲ್ಲರಿಗೂ ಆಸೆ. ಹಾಗಾಗಿ ನಾವು ಹೆಂಗಸರು ತಂತಿಬೇಲಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ನಿಮ್ಮನ್ನೆಲ್ಲ ಫೋನಿನ ವಿಡಿಯೋ ಕರೆಯಲ್ಲಿ ಸಾಲಾಗಿ ನೇತುಹಾಕುತ್ತೇವೆ. ಉಳಿದ ಅಪ್ಪಂದಿರ ಸದ್ದು ಸೊಳ್ಳೆ ಗುಂಯ್‌ಗುಟ್ಟಿದಷ್ಟೇ. ನಮ್ಮ ಮನೆಯ ಅಪ್ಪನಿಗೆ ಮಾತ್ರ, "ಹುಡುಗನಿಗೆ ನನ್ನ ಧ್ವನಿ ಕೇಳಬೇಕು ಕಣೇ" ಅಂತ ತಾನೇ ಕಳಿಸಿಕೊಟ್ಟ ಸ್ಪೀಕರ್ ಬೇರೆ! ಅದನ್ನು ಒಲೆಗೆ ಹಾಕಬೇಕು ಅನ್ನಿಸುತ್ತಿದೆ.

ಆಟ ಮುಗಿಯಲು ಸ್ವಲ್ಪ ಹೊತ್ತಿತ್ತು. ಎರಡೂ ಕಡೆ ಒಂದೊಂದು ಗೋಲು. ನಮ್ಮ ರೆಲ್ಯಾನ ಕೈಗೆ ಚೆಂಡು ತಾಗಿತೆಂದು ರೆಫರಿ ಸೀಟಿ ಊದಿ ಎದುರಿನವರಿಗೆ ಪೆನಾಲ್ಟಿ ಕೊಟ್ಟಳು. ಅಷ್ಟೇ ಸಾಕಾಯಿತು. ಒಂಬತ್ತು ವರ್ಷದ ಮಕ್ಕಳ ಆಟ ಮಾರಾಯ, ಗೆದ್ದರೆ ಸಿಗುವುದು ಒಂದು ಲೋಟ ಜ್ಯೂಸು! "ಏಯ್ ಹುಡುಗಿ, ಕಣ್ಣಿಗೆ ಮಣ್ಣು ಬಿತ್ತಾ?" ಅಂತ ಮಾಂಸದಂಗಡಿಯವನು. "ಅವರ ಹತ್ರ ಎಷ್ಟು ತಿಂದೆ?" ಅಂತ ಹಲ್ಲಿಲ್ಲದ ಅಜ್ಜಂದಿರು. "ಮನೆಗೋಗಿ ಪಾತ್ರೆ ತೊಳಿಯೇ" ಅಂದವಳು ಹೆಂಗಸು, ತನ್ನ ಮಗಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು. ಕುಣಿಯಲಾರದವರಿಗೆ ನೆಲ ಡೊಂಕು. ಇವೆಲ್ಲವನ್ನೂ ಮೀರಿಸಿ ಸ್ಪೀಕರಿನಿಂದ ನೀನು ಶುರುಮಾಡಿದೆ. ಕುರುಡಿ ಅಂದೆ, ಕಳ್ಳಿ ಅಂದೆ, ಕೊನೆಗೆ "ಇಂಥವಳನ್ನ ಹೆತ್ತ ಆ ತಾಯಿಗೆ..." ಅಂತ ಎತ್ತಿಕೊಂಡೆ. ಮುಂದಿನದನ್ನು ನಾನು ಬರೆಯಲಾರೆ, ನಿನಗೆ ನೆನಪಿರುತ್ತದೆ.

ನಾನು ಸ್ಪೀಕರ್ ಆರಿಸಲು ಓಡಿದೆ. ಅಷ್ಟರಲ್ಲಿ ಆ ಹುಡುಗಿ ಆಟ ನಿಲ್ಲಿಸಿ ಸೀದಾ ಬೇಲಿಯ ಕಡೆ ಬಂದಳು. ಬಾಯಿಗೆ ಬಂದಂತೆ ಬೈಯುವವರನ್ನು ಮೈದಾನದಿಂದ ಹೊರಗೆ ಹಾಕುವ ಹಕ್ಕು ರೆಫರಿಗಿದೆ. ಬಗ್ಗಿ ಫೋನಿನೊಳಗೆ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಹೇಳಿದ್ದೇನು ಅಂತ ನೀನೂ ಕೇಳಿಸಿಕೊಂಡೆ: "ಕೂಮಾ, ಚೆನ್ನಾಗಿದ್ದೀರಾ?" ನೀನು ಫೋನ್ ಇಟ್ಟುಬಿಟ್ಟೆ, ಹೇಡಿ.

ಹೌದು, ಅದು ದುನ್ಯಾ. ನಮ್ಮ ರಾದಿಶಾನ ಮಗಳು. ಚರ್ಚಿನಲ್ಲಿ ಜ್ಞಾನಸ್ನಾನದ ದಿನ ನಿನ್ನ ತೋಳಿನಲ್ಲಿ ಮಲಗಿದ್ದ ಮಗು, ಜ್ಞಾನಪಿತನಾಗಿ, ಅವಳ ಕೂಮನಾಗಿ ಹೆಸರಿಟ್ಟವನೂ ನೀನೇ. ಈಗ ಹದಿನಾರು ತುಂಬಿದೆ, ಕೂದಲು ಮೋಟಾಗಿ ಕತ್ತರಿಸಿದ್ದಾಳೆ, ಬೇಸಿಗೆಯಲ್ಲಿ ರೆಫರಿ ತರಬೇತಿ ಮುಗಿಸಿದಳು. ಇದನ್ನೆಲ್ಲ ಹೇಳಬೇಕೆಂದಿದ್ದೆ, ನಿನ್ನ ಬಾಯಿ ಬಿಡುವು ಕೊಟ್ಟರೆ ತಾನೆ! ಮೂರು ತಲೆಮಾರಿನಿಂದ ಅವರು ನಮಗೆ ಕೂಮರು, ನಾವು ಅವರಿಗೆ. ರಕ್ತಸಂಬಂಧಕ್ಕಿಂತ ದೊಡ್ಡದು ಅಂತ ಹೆಂಡದ ಲೋಟ ಎತ್ತಿದಾಗೆಲ್ಲ ನೀನೇ ಹೇಳುತ್ತೀಯ. ಕೂಮ ಅಂದರೆ ಕಿತ್ತು ಮತ್ತೆ ಹೊಲಿಯೋಕೆ ಅಂಗಿ ಗುಂಡಿಯಲ್ಲ ಅಂತ ನಿನ್ನಮ್ಮ ನಿನ್ನೆ ರಾತ್ರಿ ಊಟ ಬಿಟ್ಟು ಕೂತರು.

ನನಗೆ ಇನ್ನೂ ಹೆಚ್ಚು ಸಿಟ್ಟು ಬಂದದ್ದು ಯಾವುದಕ್ಕೆ ಗೊತ್ತಾ? ಅವಳು ನಿನ್ನನ್ನು ಕೂಮಾ ಅಂದದ್ದೇ ಇಡೀ ಬೇಲಿ ತಣ್ಣಗಾಯಿತು. ಮಾಂಸದಂಗಡಿಯವನು ನಾಚಿಕೊಂಡ. ಹಾಗಾದರೆ ಅವಳು ಯಾರೋ ಪರವೂರಿನವರ ಮಗಳಾಗಿದ್ದರೆ ಅಂದದ್ದೆಲ್ಲ ಸರಿಯಾಗುತ್ತಿತ್ತೆ? ಅವಳನ್ನು ಹೆತ್ತವಳು ತಾಯಿಯಲ್ಲವೆ? ಈ ಪ್ರಶ್ನೆಗೆ ನನಗೆ ಉತ್ತರ ಬೇಕು.

ದುನ್ಯಾ ಆಟವನ್ನು ಕೊನೆಯವರೆಗೂ ನಡೆಸಿದಳು. ನಾವು ಸೋತೆವು. ಒಬ್ಬೊಬ್ಬ ಹುಡುಗನ ಕೈ ಕುಲುಕಿ ಒಳಗೆ ಹೋದವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ತಲೆ ಸವರಲು ಹೋದರೆ ಕೈ ತಳ್ಳಿದಳು. ತಳ್ಳಲಿ, ಅವಳ ತಪ್ಪಿಲ್ಲ. ರಾತ್ರಿ ರೆಲ್ಯಾ ಹೊದಿಕೆಯೊಳಗಿಂದ ಹೇಳಿದ, "ಅಮ್ಮಾ, ಚೆಂಡು ನಿಜವಾಗ್ಲೂ ನನ್ನ ಕೈಗೆ ತಾಗಿತ್ತು. ಅಪ್ಪ ಕೂಗ್ತಿದ್ರಲ್ಲ, ಹೇಳೋಕೆ ಭಯ ಆಯ್ತು." ಅವಳಿಗೆ ಕಂಡಿತ್ತು, ಮಿಲುತಿನ್. ಅಷ್ಟು ಜನರಲ್ಲಿ ಸರಿಯಾಗಿ ಕಂಡದ್ದು ಅವಳೊಬ್ಬಳಿಗೇ.

ನಿನ್ನಮ್ಮ ಆಶೀರ್ವಾದ ಕಳಿಸಿದ್ದಾರೆ, ಅರ್ಧ ಮನಸ್ಸಿನಿಂದ. ರೆಲ್ಯಾನ ಮುತ್ತು. ಬೆಚ್ಚಗೆ ಬಟ್ಟೆ ಹಾಕಿಕೊ, ದೇವರು ನಿನ್ನನ್ನೂ ನಿನ್ನ ನಾಲಿಗೆಯನ್ನೂ ಕಾಯಲಿ.

ಸಿಟ್ಟಿನಲ್ಲೂ ನಿನ್ನವಳೇ ಆದ,
ಬಿಲ್ಯಾನಾ

ಮರೆತೆ. ಡ್ರೈವರ್ ಹಾರ್ನ್ ಮಾಡುತ್ತಿದ್ದಾನೆ. ದುನ್ಯಾ ಇನ್ನು ಮೈದಾನಕ್ಕೆ ಕಾಲಿಡುವುದಿಲ್ಲ ಅಂತ ಕ್ಲಬ್ಬಿಗೆ ಹೇಳಿಬಿಟ್ಟಳಂತೆ. 21ಕ್ಕೆ ನಮ್ಮ ಸ್ಲಾವ, ಮನೆದೇವರ ಹಬ್ಬಕ್ಕೆ ನೀನು ಬರುತ್ತೀಯಲ್ಲ, ಮರುದಿನವೇ ಮಕ್ಕಳ ಸ್ನೇಹಪಂದ್ಯ, ರೆಫರಿ ಇಲ್ಲ. ನಿನ್ನ ಹೆಸರು ಕೊಟ್ಟು ಬಂದಿದ್ದೇನೆ. ಸೀಟಿ ದುನ್ಯಾಳ ಹತ್ತಿರ ಇದೆ. ಬಸ್ಸಿಳಿದವನು ಮೊದಲು ರಾದಿಶಾನ ಮನೆಗೆ ಹೋಗು, ಅವಳ ತಾಯಿಯ ಎದುರೇ ಅವಳ ಹತ್ತಿರ ಸೀಟಿ ಕೇಳು. ಏನು ಹೇಳಿ ಕೇಳುತ್ತೀಯೋ ದಾರಿಯುದ್ದಕ್ಕೂ ಯೋಚಿಸಿಕೊಂಡು ಬಾ. "ಕೊಡಲ್ಲ, ನಾನೇ ಊದ್ತೀನಿ" ಅಂತ ಅವಳು ಅಂದರೆ ನನಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಸೀಟಿ ನಿನ್ನ ಕೈಗೇ ಬಂದರೆ, ಬೇಲಿಯ ಹತ್ತಿರ ನಾನಿರುತ್ತೇನೆ. ನನಗೂ ಗಂಟಲಿದೆ, ಮಿಲುತಿನ್.