ಹಿಡಿಯದೆ ಬಿಟ್ಟ ಸೂತಕ

ಅಕ್ಕಾ,

ಯಾವ ವಿಳಾಸಕ್ಕೆ ಬರೆಯಲಿ? ಕುವೈತಿನ ವಿಳಾಸ ಇನ್ನೂ ಬಾಯಿಪಾಠವಿದೆ. ಅಲ್ಲಿ ಈಗ ನೀನಿಲ್ಲ. ಆದರೂ ನಿನಗಲ್ಲದೆ ಇದನ್ನು ಇನ್ಯಾರಿಗೆ ಹೇಳಲಿ?

ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವಿಬ್ಬರು. ಮಕ್ಕಳಿಲ್ಲದ ನಿನ್ನ ಮಡಿಲಿಗೆ ನನ್ನ ಎರಡು ವರ್ಷದ ಸುನಂದಾಳನ್ನು ಹಾಕಿದ ದಿನ, "ಬಸದಿ ಇಲ್ಲದ ಊರಾಗೂ ನಮ್ಮಂಗ ಬೆಳಸ್ತೀನಿ" ಎಂದು ನೀನು ಹೇಳಿದ್ದೆ. ಹಾಗೇ ಬೆಳೆಸಿದೆ ಬಿಡು. ಏಳು ವರ್ಷದ ಮೇಲೆ ಅಲ್ಲಿ ಯುದ್ಧ ಬಂತು. ಆಸ್ಪತ್ರೆಯಲ್ಲಿದ್ದ ಭಾವನನ್ನು ಬಿಟ್ಟು ಬರಲಾರದೆ ನೀನು ಅವಳೊಬ್ಬಳನ್ನೇ ನೆರೆಯವರ ಜೊತೆ ಕಳಿಸಿದೆ. ಶಿರಗುಪ್ಪಿಗೆ ಬಂದಿಳಿದವಳು ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂದು ತುತ್ತು ಮುಟ್ಟಲಿಲ್ಲ. ನನ್ನನ್ನು ಚಿಗವ್ವ ಎಂದಳು. ಹೆತ್ತವಳು ನಾನು! ಹೊಟ್ಟೆ ಉರಿಯಿತು, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ.

ದೀಪಾವಳಿ ಕಳೆದ ಮೇಲೆ, ಕುವೈತಿನಿಂದ ಮರಳಿದ ಮಿರಜದವರೊಬ್ಬರು ಬಂದು ಉಬ್ಬಸಕ್ಕೆ ಔಷಧ ಸಿಗದೆ ನೀನು ಹೋದೆ, ಭಾವ ಇನ್ನೂ ಆಸ್ಪತ್ರೆಯಲ್ಲೇ ಇದ್ದಾರೆ ಎಂದರು. ಹಿತ್ತಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಒಳಗೆ ಸುನಂದಾ ನಿನಗೇ ಪತ್ರ ಬರೆಯುತ್ತಿದ್ದಳು. ಹೇಗೆ ಹೇಳಲಿ... ಯಾರಿಗೂ ಬಾಯಿಬಿಡದಂತೆ ನನ್ನ ಗಂಡನಿಂದ ಆಣೆ ಮಾಡಿಸಿಕೊಂಡೆ. ಸೂತಕ ಹಿಡಿದರೆ ಅವಳಿಗೆ ತಿಳಿಯುತ್ತದೆಂದು ಮರುದಿನ ಬೆಳಿಗ್ಗೆ ಮಿಂದು, ದೇವರಿಗೆ ಅಕ್ಕಿ ಹಿಡಿದು, ಅವಳನ್ನು ಕರೆದುಕೊಂಡೇ ಬಸದಿಗೆ ಹೋದೆ. ನಿನ್ನ ಸೂತಕದಲ್ಲಿ, ಅಕ್ಕಾ! ದಿನವೂ ಹೋದೆ. ಅವಳು ನಿನ್ನನ್ನು ಕೇಳಿದಾಗಲೆಲ್ಲ, "ದಾರಿ ಬಂದ್ ಐತಿ, ತೆರದ ಮ್ಯಾಲ ಬರ್ತಾಳ" ಎಂದೆ.

ನಿನ್ನೆ ರೇಡಿಯೋದಲ್ಲಿ ಯುದ್ಧ ಮುಗಿಯಿತೆಂದರು. ಹುಡುಗಿ ಬಟ್ಟೆ ಮಡಚಿ ಚೀಲ ತುಂಬಿಕೊಂಡು ಬಂದು ನಿಂತಳು.

"ದಾರಿ ತೆರದೈತಿ. ನಮ್ಮವ್ವನ ಕಡೆ ಕಳಸು."

ಇನ್ನು ನನ್ನಿಂದ ಆಗಲಿಲ್ಲ. ಹೇಳಿಬಿಟ್ಟೆ. ಅವಳು ಅಳಲಿಲ್ಲ.

"ಸುಳ್ಳ. ಅಜ್ಜ ಸತ್ತಾಗ ನಮ್ಮವ್ವ ಹನ್ನೆರಡ ದಿನ ದೇವರ ಫೋಟೋ ಸೈತ ಮುಟ್ಟಿರಲಿಲ್ಲ. ನೀ ದಿನಾ ಬಸದಿಗೆ ಹೋಗೀಯಲ್ಲ? ನಮ್ಮವ್ವ ಅದಾಳ. ನೀನ ನನ್ನ ಕಳಸವಲ್ಲಿ."

ನೀನು ಕಲಿಸಿದ್ದನ್ನೇ ತಂದು ನನ್ನೆದುರು ಇಟ್ಟಳು. ನಿನ್ನೆಯಿಂದ ಹೊಸ್ತಿಲ ಮೇಲೆ ಕೂತಿದ್ದಾಳೆ, ನೀರೂ ಬೇಡವಂತೆ. ನಾನು ಹತ್ತಿರ ಹೋದರೆ ಮುಖ ತಿರುಗಿಸುತ್ತಾಳೆ.

ಜನ ಏನು ಬೇಕಾದರೂ ಅನ್ನಲಿ, ಇವತ್ತಿನಿಂದ ಸೂತಕ ಹಿಡಿಯುತ್ತೇನೆ. ಹನ್ನೆರಡು ದಿನ ಬಸದಿಯ ಮೆಟ್ಟಿಲು ಹತ್ತುವುದಿಲ್ಲ, ಅವಳ ಕಣ್ಣೆದುರೇ ಕೂತು ಗಟ್ಟಿಯಾಗಿ ಅಳುತ್ತೇನೆ. ನೀನು ಹೋಗಿ ನಾಲ್ಕು ತಿಂಗಳಾಯಿತು, ಅಕ್ಕಾ. ನಿನ್ನ ಮಗಳಿಗಾಗಿ ಇವತ್ತು ಇನ್ನೊಮ್ಮೆ ಸಾಯಿ.