ಚಿಕ್ಕಕ್ಕ ಇನ್ನೂ ಇಳಿದಿಲ್ಲ

ನವೆಂಬರ್ 9, ಭಾನುವಾರ

ಪ್ರೀತಿಯ ಅಕ್ಕನಿಗೆ,

ಹೇಗಿದ್ದೀ? ಭಾವನ ಮಂಡಿನೋವು ಕಡಿಮೆಯಾಯಿತೇ? ಮಗಳ ಪರೀಕ್ಷೆ ಮುಗಿದಿರಬೇಕು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯದ್ದಕ್ಕೆ ಬೈದುಕೋ, ಕೋಪ ಮಾತ್ರ ಮಾಡಿಕೊಳ್ಳಬೇಡ. ಫೋನಿನಲ್ಲಿ ಸಿಕ್ಕಾಗಲೆಲ್ಲ "ಎಲ್ಲ ಸರಿ ಇದೆ, ಆಮೇಲೆ ಮಾತಾಡ್ತೀನಿ" ಎಂದು ಇಟ್ಟುಬಿಟ್ಟೆ. ಏನೂ ಸರಿ ಇಲ್ಲ ಅಕ್ಕ. ಬಾಯಿಬಿಟ್ಟು ಹೇಳಹೊರಟರೆ ಅಳು ಬರುತ್ತದೆ. ಅತ್ತರೆ ನಮ್ಮ ಗಾರ್ಡು ಗಾಬರಿಯಾಗುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ನಲವತ್ತು ದಾಟಿದ ತಮ್ಮನನ್ನು ಇನ್ನೂ ಗಾರ್ಡು ಅಂತಲೇ ಕರೀತೀಯಾ ಎಂದು ಹೋದ ಸಲ ನೀನು ನಕ್ಕಿದ್ದೆ. ಏನು ಮಾಡಲಿ, ಬೇರೆ ಹೆಸರಿಗೆ ಅವನು ತಿರುಗಿಯೂ ನೋಡುವುದಿಲ್ಲ. ಅವನ ರೈಲು ನಿಂತುಹೋಗಿದೆ. ನಡುಮನೆಯ ಮೇಜಿನ ತುಂಬ ಅಪ್ಪ ಕಟ್ಟಿದ್ದರಲ್ಲ, ಆ ಆಟದ ರೈಲು. ಇಷ್ಟಕ್ಕೆ ಇಷ್ಟೊಂದು ಪೀಠಿಕೆಯೇ ಎನ್ನಬೇಡ. ಪೂರ್ತಿ ಓದು.

ಗೊಂಬೆಗಳು ನಿನಗೆ ನೆನಪಿರಬೇಕು. ಅವನು ಚಿಕ್ಕವನಿದ್ದಾಗ ಮನೆಯಿಂದ ಯಾರು ಹೊರಗೆ ಕಾಲಿಟ್ಟರೂ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಅಪ್ಪ ಮನೆಯವರಿಗೆಲ್ಲ ಒಂದೊಂದು, ಉಗುರಿನೆತ್ತರದ ಮರದ ಗೊಂಬೆ ಕೆತ್ತಿ ಬಣ್ಣ ಹಚ್ಚಿದರು. "ನೋಡೋ, ಹೋದವರು ಈ ರೈಲು ಹತ್ತುತ್ತಾರೆ. ರೈಲು ಸುತ್ತಿಕೊಂಡು ಬರುತ್ತೆ, ಅವರೂ ಬರ್ತಾರೆ" ಎಂದು ಕಲಿಸಿದರು. ಅಂದು ಕಲಿತದ್ದನ್ನು ಅವನು ಬಿಡಲೇ ಇಲ್ಲ. ನಾನು ಕೆಲಸಕ್ಕೆ ಹೊರಟಾಗ ನನ್ನ ಹಸಿರು ಗೊಂಬೆಯನ್ನು ಬೋಗಿಯೊಳಗಿಟ್ಟು, ಮೇಲಿನ ಮುಚ್ಚಳ ಹಾಕಿ, ಸೀಟಿ ಊದುತ್ತಾನೆ. ಸಂಜೆ ನಾನು ಚಪ್ಪಲಿ ಬಿಡುವ ಸದ್ದಾದ ಮೇಲೆ ರೈಲನ್ನು ನಿಲ್ದಾಣಕ್ಕೆ ತಂದು, ಗೊಂಬೆ ಇಳಿಸಿ, "ಬಂದ್ಯಾ ಚಿಕ್ಕಕ್ಕ?" ಎನ್ನುತ್ತಾನೆ. ಅಲ್ಲಿಯವರೆಗೆ ನಾನು ಎದುರಿಗೆ ನಿಂತರೂ ಬಂದಂತಲ್ಲ. "ಇವನ ಆಫೀಸಿನಲ್ಲಿ ಹಾಜರಿ ಆಗದೆ ನಮಗೆ ಮನೆಯಲ್ಲಿ ನೀರೂ ಹುಟ್ಟಲ್ಲ" ಎಂದು ಅಮ್ಮ ನಗುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಹೋದ ತಿಂಗಳ ಕೊನೆಗೆ, ನಾನು ಕೆಲಸದಲ್ಲಿದ್ದಾಗ, ರೈಲು ಸುರಂಗದೊಳಗೆ ಟಿಕ್ ಟಿಕ್ ಎಂದು ನಿಂತುಬಿಟ್ಟಿದೆ. ಸಂಜೆ ಬಂದೆ, ಚಪ್ಪಲಿ ಬಿಟ್ಟೆ, ಕೈಚೀಲ ಇಟ್ಟೆ. ಅವನು ಮೇಜಿನ ಕಾಲಿಗೆ ಒರಗಿ ನೆಲದ ಮೇಲೆ ಕೂತಿದ್ದ. "ಗಾರ್ಡು" ಎಂದೆ. ನನ್ನನ್ನು ದಾಟಿ ಬಾಗಿಲ ಕಡೆ ನೋಡುತ್ತ, "ಚಿಕ್ಕಕ್ಕ ಇನ್ನೂ ಇಳಿದಿಲ್ಲ" ಎಂದ.

ಅವತ್ತಿನಿಂದ ನಾನು ಈ ಮನೆಯಲ್ಲಿ ಇಲ್ಲ ಅಕ್ಕ. ಇದೇ ಕುರ್ಚಿಯಲ್ಲಿ ಕೂರುತ್ತೇನೆ, ಇದೇ ಪಾತ್ರೆ ತೊಳೆಯುತ್ತೇನೆ, ಅವನ ಅಂಗಿ ಒಗೆದು ಒಣಗಿಸುತ್ತೇನೆ. ಕೈ ಹಿಡಿದರೆ ಯಾರೋ ಹೊರಗಿನವರು ಮುಟ್ಟಿದಂತೆ ಮೆಲ್ಲಗೆ ಬಿಡಿಸಿಕೊಳ್ಳುತ್ತಾನೆ. ಒಂದು ದಿನ "ಚಿಕ್ಕಕ್ಕ ಬಂದ್ರೆ ನಿಮ್ಮನ್ನ ಕೂರಿಸ್ತಾಳೆ, ಕಾಯ್ತಾ ಇರಿ" ಎಂದ. ನನಗೆ ಬಹುವಚನ ಹಾಕಿದ. ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಊಟವನ್ನು ಮೇಲಿನ ಮನೆಯ ಟೈಲರಮ್ಮ ಕೊಟ್ಟರೆ ಅರ್ಧಂಬರ್ಧ ಮಾಡುತ್ತಾನೆ. "ನನ್ನ ಗೊಂಬೆ ಇಲ್ಲದ್ದು ಒಳ್ಳೇದಾಯ್ತು ಕಣ್ರೀ, ಇಲ್ಲದಿದ್ರೆ ನಾನೂ ನಿಮ್ಮ ಜೊತೆ ಸುರಂಗದಲ್ಲೇ" ಎನ್ನುತ್ತಾರೆ ಆಕೆ, ನನ್ನನ್ನು ನಗಿಸಲು. ಆದರೆ ಫಿಟ್ಸ್ ಮಾತ್ರೆ ಮಾತ್ರ ಚಿಕ್ಕಕ್ಕನ ಕೈಯಿಂದಲೇ ಆಗಬೇಕು, ಮೊದಲಿಂದಲೂ. ತುತ್ತಿನಲ್ಲಿ ಅಡಗಿಸಿದರೆ ನಾಲಿಗೆಯಿಂದಲೇ ಬೇರೆ ಮಾಡಿ, ಒರೆಸಿ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾನೆ. "ಚಿಕ್ಕಕ್ಕ ಬಂದ ಮೇಲೆ ತಗೋತೀನಿ." ಆ ಸಾಲು ಬೆಳೆಯುತ್ತಿರುವುದನ್ನು ನೋಡುವುದು ಎಂಥದ್ದೆಂದು ನಿನಗೆ ಹೇಗೆ ಹೇಳಲಿ.

ಹೋದ ವಾರ ಫಿಟ್ಸ್ ಬಂತು. ಬಚ್ಚಲ ಹೊಸ್ತಿಲಿಗೆ ಬಿದ್ದು ಹಣೆ ಒಡೆದುಕೊಂಡ. ಡಾಕ್ಟರು ಇಂಜೆಕ್ಷನ್ ಕೊಟ್ಟು, ಹೊಲಿಗೆ ಹಾಕಿ, ನನ್ನನ್ನು ಪಕ್ಕಕ್ಕೆ ಕರೆದರು. "ಮತ್ತೆ ಹೀಗಾದರೆ ಉಳಿಯೋದು ಕಷ್ಟ. ಮುಂದಿನ ವಾರ ಶುಕ್ರವಾರ ವಾರ್ಡಿನಲ್ಲಿ ಜಾಗ ಆಗುತ್ತೆ, ಸೇರಿಸಿಬಿಡಿ. ಕೈಕಾಲು ಕಟ್ಟಿಯಾದರೂ ಔಷಧಿ ಒಳಗೆ ಹೋಗಬೇಕಲ್ಲ. ಆಮೇಲೂ ಅವರನ್ನ ಅಂಥ ಕಡೆಯೇ ಇಡೋದು ಒಳ್ಳೇದು." ಅಂದು ನೀನು ಅಪ್ಪನಿಗೆ ಹೇಳಿದ್ದೂ ಇದನ್ನೇ. ಅಪ್ಪ "ಹಾಗನ್ನೋರಿಗೆ ಈ ಮನೆಯಲ್ಲಿ ಜಾಗ ಇಲ್ಲ" ಎಂದದ್ದೂ, ನೀನು ಪೆಟ್ಟಿಗೆ ಎತ್ತಿಕೊಂಡದ್ದೂ ಕಣ್ಣಿಗೆ ಕಟ್ಟಿದಂತಿದೆ. ಮುಚ್ಚಿಟ್ಟು ಏನು, ಡಾಕ್ಟರು ಹೇಳುತ್ತಿದ್ದಾಗ ಒಂದು ಗಳಿಗೆ ನೀನು ಹೇಳಿದ್ದೇ ಸರಿ ಎಂದು ನನಗೂ ಅನಿಸಿಹೋಯಿತು. ಆದರೆ ಹೊರಗಿನ ಬೆಂಚಿನ ಮೇಲೆ ಅವನು ಪಟ್ಟಿ ಕಟ್ಟಿದ ತಲೆ ಬಗ್ಗಿಸಿ, ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದ. ಕಟ್ಟಿಹಾಕಿದರೆ ಆ ಸೀಟಿಯನ್ನು ಯಾವ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ?

ಬೋಗಿಯನ್ನು ಕೈಯಿಂದಲೇ ಎಳೆದು ತಂದುಬಿಡಬಾರದೇ ಎನ್ನುತ್ತೀಯ. ಮೊದಲ ದಿನವೇ ಸುರಂಗಕ್ಕೆ ಕೈ ಹಾಕಿದೆ. "ಜನ ಇದ್ದಾರೆ, ಒಳಗೆ ಜನ ಇದ್ದಾರೆ" ಎಂದು ಅವನು ಕೂಗಿದ ಕೂಗಿಗೆ ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಇಳಿದು ಬಂದರು. ಇಂಜಿನ್ ಮುಟ್ಟಬಹುದಂತೆ, ಅದಕ್ಕೆ ಕಾಯಿಲೆ. ಬೋಗಿ ಮುಟ್ಟುವಂತಿಲ್ಲ. ಇಂಜಿನ್ ಬಿಚ್ಚಿದಾಗ ಅವನೇ ಟಾರ್ಚು ಹಿಡಿದ. ಒಳಗೆ ಒಂದು ಹಲ್ಲುಚಕ್ರ, ಮೆಣಸಿನಕಾಳಿಗಿಂತ ತುಸು ದೊಡ್ಡದು, ಬಿಳಿ ಪ್ಲಾಸ್ಟಿಕ್ಕಿನದು, ನಡುವೆ ಕೂದಲೆಳೆಯಂತೆ ಸೀಳಿದೆ. ನಮ್ಮ ಮನೆ ನಿಂತಿದ್ದು ಇದರ ಮೇಲೆ.

ಹುಡುಕದ ಜಾಗವಿಲ್ಲ. ಆಟಿಕೆ ಅಂಗಡಿಯವನು ಇಂಜಿನ್ನಿನ ಹೊಟ್ಟೆಯ ಮೇಲಿನ ಗುರುತು ನೋಡಿ, "ಈ ಕಂಪನಿ ಮುಚ್ಚಿ ಯಾವ ಕಾಲವಾಯ್ತು ಮೇಡಂ, ಹೊಸದು ತಗೊಳ್ಳಿ" ಎಂದ. ಹೊಸದನ್ನೂ ತಂದೆ. ಹಳೆಯ ಬೋಗಿಯ ಕೊಂಡಿಗೆ ಅದು ಸೇರುವುದಿಲ್ಲ. ಗಾರ್ಡು ಅದನ್ನು ತಿರುಗಿಸಿ ನೋಡಿ, "ಇವರು ನಮ್ಮ ಜನರನ್ನ ನೋಡಿಲ್ಲ" ಎಂದು ಪಕ್ಕಕ್ಕಿಟ್ಟ. ಕಾರ್ಖಾನೆ ಇದ್ದ ಬೀದಿಗೂ ಹೋದೆ. ಅಲ್ಲೀಗ ಹಾಸಿಗೆ ದಾಸ್ತಾನು. ಕಾವಲುಗಾರ ಒಳಗೆ ಬಿಟ್ಟ ಪಾಪ. ಗೋಡೆಯ ಮೇಲೆ ರೈಲಿನ ಚಿತ್ರ ಅರ್ಧ ಉಳಿದಿದೆ, ಉಳಿದರ್ಧ ಹಾಸಿಗೆಗಳ ಹಿಂದೆ. ಗಡಿಯಾರ ರಿಪೇರಿಯವರು ಭೂತಗನ್ನಡಿ ಹಾಕಿಕೊಂಡು ಒಂದು ಮಧ್ಯಾಹ್ನವಿಡೀ ಅಂಟು ಹಚ್ಚಿದರು. ಅರ್ಧ ಸುತ್ತು ತಿರುಗಿ ಮತ್ತೆ ಸೀಳಿತು. "ಎಳೆತ ತಡೆಯಲ್ಲಮ್ಮ" ಎಂದರು, ತಾವೇ ತಪ್ಪು ಮಾಡಿದವರ ಹಾಗೆ.

ಕೊನೆಗೆ ಹಳೆಯ ಆಟದ ರೈಲುಗಳ ಸಂಗ್ರಹಕಾರರೊಬ್ಬರ ವಿಳಾಸ ಸಿಕ್ಕಿತು. ನಿವೃತ್ತರು, ಒಂಟಿ. ಕೋಣೆಯ ತುಂಬ ಗಾಜಿನ ಕಪಾಟು, ಕೈಗೆ ಬಿಳಿ ಗವಸು. ನಮ್ಮ ಇಂಜಿನ್ನಿನದೇ ಜೋಡಿಗಳು ಡಬ್ಬಿಗಳಲ್ಲಿ, ಸೀಲು ಒಡೆಯದೆ, ಸಾಲಾಗಿ ಕೂತಿದ್ದವು. ಒಂದನ್ನು ತೆಗೆದುಕೊಡಿ ಎಂದೆ.

"ತೆಗೆಯೋಕಾಗಲ್ಲ" ಎಂದರು. "ಸೀಲು ಒಡೆದರೆ ಅದಕ್ಕೆ ಬೆಲೆಯೇ ಇರಲ್ಲ."

"ಚಕ್ರ ಒಂದು ಕೊಡಿ ಸಾಕು. ಡಬ್ಬಿ ಮತ್ತೆ ಮುಚ್ಚಿ ಇಟ್ಕೊಳ್ಳಿ, ಹೊರಗಿನವರಿಗೆ ಏನು ಗೊತ್ತಾಗುತ್ತೆ?"

"ನನಗೆ ಗೊತ್ತಿರುತ್ತಲ್ಲ."

ನಾನು ಎದ್ದು ಹೋಗಲಿಲ್ಲ. ಕಿಟಕಿಯ ಕಟ್ಟೆಯ ಮೇಲಿನ ಮಾತ್ರೆಗಳ ಸಾಲಿನ ವಿಷಯ ಹೇಳಿದೆ. ಗವಸಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು. ಆಮೇಲೆ ಒಂದು ಡಬ್ಬಿ ತೆಗೆದು, ಮಗುವಿನ ಬಟ್ಟೆ ಬಿಚ್ಚುವಷ್ಟು ನಿಧಾನವಾಗಿ ಕಾಗದ ಬಿಡಿಸಿ, ಇಂಜಿನ್ ಬಿಚ್ಚಿದರು. ಚಕ್ರ ಸೀಳಿತ್ತು. ಒಮ್ಮೆಯೂ ಓಡದ ಇಂಜಿನ್. ಇನ್ನೊಂದು ತೆಗೆದರು, ಅದೂ ಸೀಳಿತ್ತು. ಗವಸು ಕಿತ್ತೆಸೆದು ಉಳಿದದ್ದನ್ನೆಲ್ಲ ಒಡೆದರು. ಅಚ್ಚಿನ ಕಡ್ಡಿಗೆ ಬಿಗಿಯಾಗಿ ಕೂರಿಸಿದ ಪ್ಲಾಸ್ಟಿಕ್ಕು, ಓಡಲಿ ಬಿಡಲಿ, ವಯಸ್ಸಾದಂತೆ ತನ್ನಷ್ಟಕ್ಕೇ ಸೀಳುತ್ತದಂತೆ. ಮುದುಕರು ಡಬ್ಬಿಗಳ ನಡುವೆ ನೆಲದ ಮೇಲೆ ಕೂತು, "ಓಡಿಸಿಯಾದರೂ ನೋಡಬಹುದಿತ್ತು" ಎಂದರು. ನಾನು ಅವರಿಗೆ ನೀರು ತಂದುಕೊಟ್ಟೆ. ಯಾರು ಯಾರನ್ನು ಸಮಾಧಾನ ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ.

ಈಗ ಉಳಿದಿರುವುದು ಒಂದೇ ದಾರಿ, ಕೇಳಿದರೆ ನಗುತ್ತೀಯ. ದಂತ ಕಾಲೇಜಿನ ಲೈಬ್ರರಿಯಲ್ಲಿ ಕೂತು ದವಡೆಯ ಪುಸ್ತಕ ಕೊಡುವುದಕ್ಕಾ ನೀನು ಸಾಹಿತ್ಯ ಓದಿದ್ದು ಎಂದು ಕೆಣಕುತ್ತಿದ್ದೆಯಲ್ಲ. ಅಲ್ಲಿ ಕೃತಕ ಹಲ್ಲು ಕಟ್ಟುವ ಟೆಕ್ನಿಷಿಯನ್ ಒಬ್ಬ ದಿನಾ ಪೇಪರು ಓದಲು ಬರುತ್ತಾನೆ. ಮೊನ್ನೆ ನಾನು ಸೀಳಿದ ಚಕ್ರವನ್ನು ಮೇಜಿನ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದಾಗ ಬಗ್ಗಿ ನೋಡಿ, "ಯಾರ ಹಲ್ಲು ಮೇಡಂ ಇದು? ಬಾಯಿ ಬಹಳ ಚಿಕ್ಕದು" ಎಂದ. ಕತೆಯೆಲ್ಲ ಹೇಳಿದೆ. ಅಚ್ಚು ತೆಗೆದು, ಹಲ್ಲು ಕೊರೆಯುವ ಯಂತ್ರದಲ್ಲೇ ಕೊರೆದು ನೋಡುತ್ತೇನೆ ಎಂದು ಒಯ್ದಿದ್ದಾನೆ. ಗುರುವಾರ ಮನೆಗೇ ಬರುತ್ತಾನಂತೆ. ಶುಕ್ರವಾರ ವಾರ್ಡು.

ಒಂದು ಭಯ ಮಾತ್ರ ಯಾರಿಗೂ ಹೇಳಿಲ್ಲ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದ ದಿನ ಅವಳ ಹಳದಿ ಗೊಂಬೆಯನ್ನೂ ಅವನು ಬೋಗಿಗೆ ಹತ್ತಿಸಿದ್ದ. ಅವಳು ಹಿಂದಿರುಗಲಿಲ್ಲ. ಬೋಗಿಯ ಮುಚ್ಚಳ ತೆಗೆಯುವ ಹಕ್ಕು ಅವನೊಬ್ಬನದು, ನಾನು ಇಣುಕಲೂ ಇಲ್ಲ. ಇಷ್ಟು ದಿನ ಕೇಳಿಲ್ಲ, ಆದರೆ ಈಗ ಇಳಿಯದವರ ಲೆಕ್ಕ ಹಿಡಿದು ಕೂತಿದ್ದಾನೆ. ರೈಲು ಬಂದು ನಿಂತಾಗ ಅವನು ಅಮ್ಮ ಎಲ್ಲಿ ಎಂದು ಕೇಳಿದರೆ? ಆ ಚಕ್ರ ತಿರುಗಲಿ ಎಂದು ಬೇಡಿಕೊಳ್ಳುವ ಬಾಯಲ್ಲೇ ತಿರುಗದಿರಲಿ ಎಂದೂ ಬರುತ್ತದೆ.

ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ. ಗುರುವಾರ ಕಳೆದ ಮೇಲೆ ಉಳಿದದ್ದು.

ಶುಕ್ರವಾರ

ಅಕ್ಕ, ವಾರ್ಡಿಗೆ ಹೋಗಲಿಲ್ಲ.

ನಿನ್ನೆ ಟೆಕ್ನಿಷಿಯನ್ ಹತ್ತಿ ಸುತ್ತಿದ ಪುಟ್ಟ ಡಬ್ಬಿ ತಂದ. ಒಸಡಿನ ಬಣ್ಣದ ಚಕ್ರ. "ಬಿಳಿ ಖಾಲಿಯಾಗಿತ್ತು" ಎಂದ. ಮೊದಲ ಚಕ್ರ ಬಿಗಿಯಾಯಿತು, ಕೂರಲಿಲ್ಲ. ಎರಡನೆಯದನ್ನು ಉಜ್ಜಿ ಉಜ್ಜಿ ಕೂರಿಸಿದ. ಗಾರ್ಡು ಟಾರ್ಚು ಹಿಡಿದುಕೊಂಡು, "ನೋವಾಗುತ್ತಾ ಅದಕ್ಕೆ?" ಎಂದ. "ಸ್ವಲ್ಪ. ಆಮೇಲೆ ಆರಾಮ" ಎಂದ ಅವನು, ಕೆಲಸದಿಂದ ತಲೆ ಎತ್ತದೆ.

ಇಂಜಿನ್ ಹಳಿಗಿಟ್ಟು ಸುರಂಗಕ್ಕೆ ಹಿಮ್ಮುಖವಾಗಿ ಬಿಟ್ಟಾಗ ಬೋಗಿಯ ಕೊಂಡಿ ಕಚ್ಚಿದ ಸದ್ದಾಯಿತು. ಗಾರ್ಡು ನನ್ನ ಕಡೆ ನೋಡದೆ, "ನೀವು ಹೊರಗೆ ಹೋಗಿ" ಎಂದ. ಹೋದೆ. ಚಪ್ಪಲಿ ಹಾಕಿಕೊಂಡು ಮೆಟ್ಟಿಲ ಮೇಲೆ ನಿಂತೆ. ಟೈಲರಮ್ಮ ನನ್ನ ತೋಳು ಹಿಡಿದುಕೊಂಡರು. ಒಳಗೆ ಸೀಟಿ. ಒಂದಿಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಆ ಸದ್ದು, ನಾವು ಚಿಕ್ಕವರಿದ್ದಾಗಿಂದ ಗೋಡೆಗಳಲ್ಲಿ ಇದ್ದ ಸದ್ದು. ನಾನು ಒಳಗೆ ಬಂದು ಚಪ್ಪಲಿ ಬಿಟ್ಟೆ.

ಮುಚ್ಚಳ ತೆಗೆದು ಹಸಿರು ಗೊಂಬೆಯನ್ನು ಇಳಿಸಿದ. ತಲೆ ಎತ್ತಿ ನನ್ನ ಮುಖ ನೋಡಿದ. "ಬಂದ್ಯಾ ಚಿಕ್ಕಕ್ಕ? ಎಷ್ಟು ತಡ" ಎಂದ. ಆಮೇಲೆ, "ಯಾರೋ ಒಬ್ಬರು ನಿನಗೆ ಕಾಯ್ತಾ ಇದ್ರು, ಪಾಪ ತುಂಬ ಅಳ್ತಿದ್ರು" ಎಂದ. ಕಿಟಕಿಯ ಕಟ್ಟೆಗೆ ಹೋಗಿ ಮಾತ್ರೆಗಳನ್ನೆಲ್ಲ ಬಾಚಿ ತಂದ. ಒಂದೇ ಒಂದನ್ನು ನನ್ನ ಕೈಯಿಂದ ತೆಗೆದುಕೊಂಡ. ಉಳಿದವನ್ನು ಬಿಸಾಡಲು ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ಇವತ್ತು ಬೆಳಿಗ್ಗೆ ಎಷ್ಟೋ ದಿನದ ಮೇಲೆ ಕವಿತೆಯ ಪುಸ್ತಕ ತೆರೆದೆ. ಎರಡು ಸಾಲು ಓದಿ ಮುಚ್ಚಿ, ಅವನು ಊಟ ಮಾಡುವುದನ್ನೇ ನೋಡುತ್ತ ಕೂತೆ.

ಭಾವನಿಗೆ ನಮಸ್ಕಾರ ತಿಳಿಸು. ಮಗಳಿಗೆ ನನ್ನ ಆಶೀರ್ವಾದ, ಅವಳು ಅಂದುಕೊಂಡದ್ದೆಲ್ಲ ಆಗಲಿ. ನಿನ್ನ ಹರಕೆ ನಮ್ಮಿಬ್ಬರ ಮೇಲಿರಲಿ.

ನಿನ್ನ ಪ್ರೀತಿಯ
ತಂಗಿ

ಮರೆತ ಮಾತು: ಇದನ್ನು ಬರೆಯುವುದೋ ಬೇಡವೋ ಎಂದು ಲಕೋಟೆ ಅಂಟಿಸದೆ ಇಟ್ಟುಕೊಂಡಿದ್ದೆ. ಬೋಗಿಯಲ್ಲಿ ಅಮ್ಮನ ಗೊಂಬೆ ಇರಲಿಲ್ಲ. ತಡೆಯಲಾರದೆ ನಾನೇ ಕೇಳಿದೆ. "ಅಮ್ಮ ಸತ್ತೋದ್ಲಲ್ಲ ಚಿಕ್ಕಕ್ಕ" ಎಂದ, ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ. ಅಪ್ಪನ ಕನ್ನಡಕದ ಡಬ್ಬಿ ತೆರೆದು ತೋರಿಸಿದ. ಹತ್ತಿಯ ಮೇಲೆ ಅಪ್ಪ, ಅಮ್ಮ ಅಕ್ಕಪಕ್ಕ. ಅಮ್ಮ ಹೋದಾಗಲೇ ತಾನೇ ಇಳಿಸಿದ್ದಾನೆ. ಅವನಿಗೆ ಎಲ್ಲ ತಿಳಿದಿದೆ.

ಆದರೆ ಬೋಗಿ ಖಾಲಿ ಇರಲಿಲ್ಲ. ನನ್ನ ಹಸಿರು ಗೊಂಬೆಯ ಹಿಂದಿನ ಸೀಟಿನಲ್ಲಿ ನೀಲಿಯದೊಂದಿತ್ತು, ಬಣ್ಣ ಅಲ್ಲಲ್ಲಿ ಹೋಗಿದೆ. ನೀನು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಹೊರಟ ದಿನ ಹತ್ತಿಸಿದ್ದು. ಅಮ್ಮ ಹೋದಾಗ ನೀನು ಆಸ್ಪತ್ರೆಗೆ ಬಂದು ಅಲ್ಲಿಂದಲೇ ಹೊರಟುಬಿಟ್ಟೆ, ಮನೆಗೆ ಬರಲಿಲ್ಲ. ಹಾಗಾಗಿ ಇಳಿದಿಲ್ಲ. ಅಂದು ಅವನನ್ನು ಎಲ್ಲಾದರೂ ಸೇರಿಸಿಬಿಡಿ ಎಂದು ನೀನು ಹೇಳಿದಾಗ ಅವನು ಬಾಗಿಲಲ್ಲೇ ನಿಂತಿದ್ದ. ಕೇಳಿಸಿಕೊಂಡೇ ಹತ್ತಿಸಿದ್ದಾನೆ. "ದೊಡ್ಡಕ್ಕ ಸತ್ತಿಲ್ಲ, ಅವಳು ಬರ್ತಾಳೆ" ಎಂದು ಮುಚ್ಚಳ ಹಾಕಿ ಸೀಟಿ ಊದಿದ. ಇಷ್ಟು ವರ್ಷವೂ ಆ ರೈಲು ನಮಗಾಗಿ ಓಡುತ್ತಿದೆ ಎಂದುಕೊಂಡಿದ್ದೆವು.

ಹೊರಡುವಾಗ ಟೆಕ್ನಿಷಿಯನ್ ಹೇಳಿದ: "ಬಾಯೊಳಗಾದರೆ ಗ್ಯಾರಂಟಿ ಕೊಡ್ತಿದ್ದೆ. ಇದು ಎಷ್ಟು ದಿನ ಓಡುತ್ತೋ ಹೇಳಲಾರೆ. ಅಚ್ಚಿನ ಕಡ್ಡಿಗೆ ಸ್ವಲ್ಪ ಬಿಗಿಯಾಗಿಯೇ ಕೂತಿದೆ."

ಇದು ಸೀಳುವ ಮೊದಲು ಬಾ ಅಕ್ಕ. ಬಂದು ಬಾಗಿಲಲ್ಲಿ ಚಪ್ಪಲಿ ಬಿಡು, ಅಷ್ಟು ಸಾಕು.